ಬಸ್‌ಸ್ಟ್ಯಾಂಡಿನಲ್ಲಿ ನಿಂತುಬಿಟ್ಟ ಕಾದಂಬರಿ

ಈಗಿನ ಕಾದಂಬರಿಗಳ ಬೆನ್ನಿಗೆ ಬರೆದವರ ಫೋಟೋ ಹಾಕಿರುತ್ತಾರೆ; ಅವರಲ್ಲಿ ಒಬ್ಬರಾದರೂ ಓದುವವರ ಮುಖ ನೋಡುವುದಿಲ್ಲ. ಒಬ್ಬರು ಕಿಟಕಿಯನ್ನು ನೋಡುತ್ತಿರುತ್ತಾರೆ, ಒಬ್ಬರು ಗಿಡವನ್ನು, ಇನ್ನೊಬ್ಬರು ದವಡೆ ನೋವಿದ್ದವರ ಹಾಗೆ ಗಲ್ಲಕ್ಕೆ ಕೈ ಹಚ್ಚಿಕೊಂಡು ನೆಲವನ್ನು. ಏನಾದರೂ ಒಡೆದು ಬಂದ ಮಕ್ಕಳು ಹೀಗೆ ಬೇರೆ ಕಡೆ ನೋಡುವುದನ್ನು ನಾನು ಮೂವರನ್ನು ಬೆಳೆಸುವಾಗ ಸಾಕಷ್ಟು ಕಂಡಿದ್ದೇನೆ. ಆದ್ದರಿಂದ ಹೊಸ ಪುಸ್ತಕ ಕೈಗೆ ಬಂದರೆ ಮೊದಲು ಬೆನ್ನು ತಿರುಗಿಸಿ, ಈ ಮಹಾರಾಯರು ಒಳಗೆ ಏನು ಒಡೆದಿಟ್ಟಿದ್ದಾರೋ ಎಂದು ಒಂದು ಗಳಿಗೆ ಅನುಮಾನಪಟ್ಟು, ಆಮೇಲೆ ಕನ್ನಡಕ ಏರಿಸುತ್ತೇನೆ.

ಇಷ್ಟು ಹೇಳಿದ ಮೇಲೆ, ಇವಳು ಯಾವ ಪಂಡಿತೆ ಎಂದು ನೀವು ಕೇಳುವುದು ನ್ಯಾಯ. ನಾನು ಕಲಿತದ್ದು ಮುದ್ದೇಬಿಹಾಳದಲ್ಲಿ ನಾಲ್ಕನೆಯ ಇಯತ್ತೆಯ ತನಕ. ಐದನೆಯದಕ್ಕೆ ಹೋಗಬೇಕೆನ್ನುವಾಗ ತಂಗಿ ಹುಟ್ಟಿದಳು. ಅವಳ ತೊಟ್ಟಿಲು ತೂಗುವುದೇ ನನ್ನ ಐದನೆಯ ಇಯತ್ತೆಯಾಯಿತು. ಮದುವೆಯಾಗಿ ಸಿಂದಗಿಗೆ ಬಂದಾಗ ಮಾವನವರ ಕಣ್ಣು ಮಂಜಾಗುತ್ತಿತ್ತು. ಅವರಿಗೆ ದಿನಾಲೂ ಸಂಜೆ ಪೋಥಿ ಬೇಕು. ಪೋಥಿ ಎಂದರೆ ಮನೆಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಓದುವ ಪುರಾಣದ ಪುಸ್ತಕ. ನಮ್ಮಲ್ಲಿ ಅರ್ಧ ಮರಾಠಿಯವು, ಅರ್ಧ ಕನ್ನಡದವು. ಮನೆಯಲ್ಲಿ ಉಳಿದ ಹೆಂಗಸರಿಗೆ ಅಕ್ಷರ ಬಾರದ್ದರಿಂದ ಆ ಗಾದಿ ನನಗೆ ಬಂತು. ಹೀಗಾಗಿ ನನಗೆ ದೊಡ್ಡ ದನಿಯಲ್ಲಿ ಓದುವುದು ಮಾತ್ರ ಗೊತ್ತು. ಬಾಯಿ ಮುಚ್ಚಿದರೆ ನನ್ನ ಕಣ್ಣೂ ಮುಚ್ಚಿದ ಹಾಗೆ. ಬಸ್ಸಿನ ಬೋರ್ಡನ್ನು ಕೂಡ ನಾನು ಎಲ್ಲರಿಗೂ ಕೇಳುವಂತೆ ಓದುತ್ತೇನೆ. ಅದರಿಂದ ಇಂಡಿಗೆ ಹೋಗುವ ಎಷ್ಟೋ ಜನರಿಗೆ ಉಪಕಾರವಾಗಿದೆ.

ಕಾದಂಬರಿಗಳು ಮನೆಗೆ ಬರತೊಡಗಿದ್ದು ಸೊಸೆ ಶೈಲಾಳಿಂದ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾಳೆ. ಇಂಡಿಯಲ್ಲೊಬ್ಬಳು, ಬಸವನ ಬಾಗೇವಾಡಿಯಲ್ಲಿಬ್ಬರು, ನನ್ನ ತವರು ಮುದ್ದೇಬಿಹಾಳದಲ್ಲೊಬ್ಬಳು ಅವಳ ಗೆಳತಿಯರು; ಎಲ್ಲರೂ ಮಾಸ್ತರಿಣಿಯರೇ. ಒಬ್ಬಳು ಕೊಂಡ ಪುಸ್ತಕ ಬಸ್ಸಿನಲ್ಲಿ ಬಂದುಹೋಗುವವರ ಕೈಯಲ್ಲಿ ನಾಲ್ಕೂ ಊರು ತಿರುಗುತ್ತದೆ. ನಮ್ಮ ಮನೆಗೆ ಬಂದದ್ದು ಹಗಲೆಲ್ಲ ಕಪಾಟಿನಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಮಧ್ಯಾಹ್ನದ ಹೊತ್ತು ನಮ್ಮ ಪಡಸಾಲೆಯಲ್ಲಿ ಓಣಿಯ ನಾಲ್ಕೈದು ಹೆಂಗಸರು ಕೌದಿ ಹೊಲಿಯುತ್ತ ಕೂರುತ್ತಾರೆ. ಹಳೆಯ ಸೀರೆ, ಧೋತರ ಪದರ ಪದರವಾಗಿ ಹಾಸಿ ಹೊಲಿಯುವ ಕೆಲಸ. ಕೈಗೆ ಉದ್ಯೋಗ, ಕಿವಿ ಖಾಲಿ. ಖಾಲಿ ಕಿವಿ ಕೊನೆಗೆ ಓಣಿಯ ಮನೆಮನೆಯ ಒಳಗೆ ಇಣುಕುತ್ತದೆ. ಅದಕ್ಕಿಂತ ಪುಸ್ತಕದ ಮನೆಯೊಳಗೆ ಇಣುಕುವುದು ಸಭ್ಯತನ ಎಂದು ಒಂದು ದಿನ ಕಾದಂಬರಿ ತೆಗೆದು ಓದಿದೆ. ಅಂದಿನಿಂದ ಹಿಡಿದಿದೆ ಈ ಗೊಂದಲ.

ಮೊದಲನೆಯದರಲ್ಲಿ ಯಾರಿಗೂ ಹೆಸರಿರಲಿಲ್ಲ. ಒಬ್ಬ ‘ಅವನು’, ಇಬ್ಬರು ‘ಅವಳು’. ನಮ್ಮ ಪುರಾಣಗಳಲ್ಲಿ ದೇವರಿಗೆ ಸಾವಿರ ಹೆಸರು. ಇಲ್ಲಿ ಮನುಷ್ಯರಿಗೆ ಒಂದಕ್ಕೂ ಬರ. ಎರಡು ದಿನ ಯಾವ ಅವಳು ಅತ್ತಳು, ಯಾವ ಅವಳು ನಕ್ಕಳು ಎಂಬ ಜಗಳದಲ್ಲೇ ಹೋಯಿತು. ಕೊನೆಗೆ ಕೌದಿಯವರೇ ನಾಮಕರಣ ಮಾಡಿದರು: ಎತ್ತರದವಳು ‘ಇಂಡಿಯಾಕಿ’, ಸಿಟ್ಟಿನವಳು ‘ಬಾಗೇವಾಡಿಯಾಕಿ’. ಅಲ್ಲಿಂದ ಕಥೆ ನೀಟಾಗಿ ಓಡಿತು. ಎರಡನೆಯದರಲ್ಲಿ ಕಾಲವೇ ಹಿಂದುಮುಂದು. ಮೂರನೆಯ ಅಧ್ಯಾಯದಲ್ಲಿ ಒಬ್ಬ ಮುದುಕ ಸತ್ತ. ಎಲ್ಲರೂ ಸೆರಗಿನಿಂದ ಕಣ್ಣು ಒರಸಿಕೊಂಡರು. ಐದನೆಯದರಲ್ಲಿ ಅದೇ ಮುದುಕ ಉಪ್ಪಿಟ್ಟು ತಿನ್ನುತ್ತಿದ್ದ.

“ಸತ್ತಾವ ಉಪ್ಪಿಟ್ಟು ತಿನ್ನಾಕತ್ತಾನಲ್ಲ ಆಯೀ!” ಎಂದಳು ಎದುರುಮನೆಯ ಗಂಗವ್ವ. “ಮತ್ತ ನಾ ಸುಮ್‌ಸುಮ್ಮನ ಅತ್ತೆನೇನು?”

ಹಿಂದಿನ ಸಂಗತಿಯನ್ನು ಮುಂದೆ ಹೇಳುವ ಹೊಸ ಪದ್ಧತಿಯಂತೆ ಎಂದು ಸಮಾಧಾನ ಹೇಳಿದೆ. ಆದರೆ ಅವಳು ಅತ್ತದ್ದಕ್ಕೆ ನಷ್ಟ ಪರಿಹಾರ ಯಾರೂ ಕೊಡಲಿಲ್ಲ. ಇನ್ನೊಂದರಲ್ಲಿ ಗಂಡಸೊಬ್ಬ ನಲವತ್ತು ಪುಟ ಒಂದೇ ಕಪ್ಪು ಕಾಫಿ ಮುಂದಿಟ್ಟುಕೊಂಡು ವಿಚಾರ ಮಾಡುತ್ತಾನೆ. ಅಷ್ಟು ಹೊತ್ತಿನಲ್ಲಿ ನಮ್ಮ ಕಡೆ ಒಂದು ತುಂಡು ಹೊಲ ಹರಗಿ ಬರಬಹುದು. ಹಾಗೆಂದು ಎಲ್ಲವನ್ನೂ ಬೈಯಲಾರೆ. ಅದೇ ಪುಸ್ತಕದಲ್ಲಿ ಸೊಸೆ ಹಾಸಿಗೆ ಹಿಡಿದ ಅತ್ತೆಗೆ ತಲೆಗೆ ಎರೆಯುವ ಒಂದು ಜಾಗವಿತ್ತು. ನೀರು ಕಣ್ಣಿಗೆ ಹೋಗದಿರಲೆಂದು ಸೊಸೆ ಎಡಗೈಯನ್ನು ಅತ್ತೆಯ ಹುಬ್ಬಿನ ಮೇಲೆ ಅಡ್ಡ ಇಡುತ್ತಾಳೆ. ಅದನ್ನು ಓದಿ ನಾನು ನಿಲ್ಲಿಸಿದೆ. ನನ್ನ ಅತ್ತೆಗೆ ನಾನು ಹಾಗೆಯೇ ಕೈ ಇಡುತ್ತಿದ್ದೆ. ಪ್ರೀತಿಯಿಂದಲ್ಲ, ಕಣ್ಣಿಗೆ ನೀರು ಹೋದರೆ ಅವರು ಬೈಯುತ್ತಿದ್ದರೆಂದು. ಬರೆದವಳಿಗೆ ಅದು ಹೇಗೆ ಗೊತ್ತಾಯಿತೋ ನನಗೆ ಇನ್ನೂ ತಿಳಿದಿಲ್ಲ.

ಈಗ ಮುಖ್ಯ ಗೊಂದಲಕ್ಕೆ ಬರುತ್ತೇನೆ. ಬಾಗೇವಾಡಿಯಿಂದ ಬಂದ ಒಂದು ಕಾದಂಬರಿ. ಒಬ್ಬಳು ಗಂಡನ ಮನೆ ಬಿಟ್ಟು ಹೊರಡುತ್ತಾಳೆ. ಇನ್ನೂರು ಪುಟಗಳ ಕೊನೆಗೆ ಬಸ್‌ಸ್ಟ್ಯಾಂಡಿಗೆ ಬಂದು ನಿಲ್ಲುತ್ತಾಳೆ. ಒಂದು ಬಸ್ಸು ಗಂಡನ ಊರಿಗೆ ಮರಳಿ ಹೋಗುವುದು, ಇನ್ನೊಂದು ಅವಳು ಎಂದೂ ಕಾಣದ ಊರಿಗೆ ಹೋಗುವುದು. ಅಲ್ಲಿಗೆ ಪುಸ್ತಕ ಮುಗಿಯಿತು. ಎಲ್ಲರ ಮುಂದೆ ಕೊನೆ ಓದುವ ಹಿಂದಿನ ದಿನ ನಾನೊಬ್ಬಳೇ ಓದಿ ನೋಡಿ, ಹಾಳೆ ಹರಿದಿರಬೇಕೆಂದು ಹೊಲಿಗೆಯ ಬುಡವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದೆ. ಬಾಗೇವಾಡಿಯ ಗೆಳತಿಗೆ ಚಿಕ್ಕ ಕೂಸಿದೆ ಎಂದು ನೆನಪಾಗಿ, ಆ ಕೂಸಿನ ಮೇಲೆ ಅಪವಾದವನ್ನೂ ಹೊರಿಸಿದೆ. ಸಾಲೆಯಿಂದ ಬಂದ ಶೈಲಾ ನೋಡಿ ನಕ್ಕಳು.

“ಹರದಿಲ್ಲರಿ ಅತ್ಯಾರ, ಇರೂದ ಅಷ್ಟು. ಮುಂದಿಂದು ಓದೋರ ವಿಚಾರ ಮಾಡ್ಲಿ ಅಂತ ಬಿಟ್ಟಾರ.”

“ಬರಿಯೂದು ಅವರ ಕೆಲಸ, ಓದೂದು ನನ್ನ ಕೆಲಸ,” ಎಂದೆ. “ಅವರ ಕೆಲಸಾನೂ ನಾನ ಮಾಡೂದಾದ್ರ ಹಿಂದ ಅವರ ಫೋಟೋ ಯಾಕ ಹಾಕ್ಯಾರ?”

ಇದು ಬರೀ ಹಟವಲ್ಲ, ನನ್ನ ಸಂಕಟ ಬೇರೆಯಿತ್ತು. ನಮ್ಮ ಮನೆಯಲ್ಲಿ ಪೋಥಿಯನ್ನು ದುಃಖದ ಜಾಗದಲ್ಲಿ ಮುಚ್ಚುವ ರೂಢಿಯಿಲ್ಲ. ನಾನು ಹೊಸ ಸೊಸೆಯಾಗಿದ್ದಾಗ ಒಂದು ಸಂಜೆ, ರಾಣಿಯೊಬ್ಬಳು ಕಾಡಿನಲ್ಲಿ ದಾರಿ ತಪ್ಪಿ ಅಳುತ್ತಿದ್ದ ಜಾಗದಲ್ಲಿ, ಅನ್ನ ಆಗಿದೆಯೆಂದು ಪೋಥಿ ಮುಚ್ಚಿ ತಾಟು ಹಾಕಿದೆ. ಮಾವನವರು ಮಣೆಯ ಮೇಲೆ ಕೂಡಲಿಲ್ಲ.

“ಆಕಿ ಅಲ್ಲಿ ಅಡವ್ಯಾಗ ಅಳಕೋತ ಕೂತಾಳ, ನಾವಿಲ್ಲೆ ತುಪ್ಪ ಹಾಕ್ಕೊಂಡು ಉಣಬೇಕೇನು? ತಗೀ ಪೋಥಿ,” ಎಂದರು.

ರಾಜ ಬಂದು ರಾಣಿಯ ಕೈ ಹಿಡಿಯುವ ತನಕ ಓದಿಸಿದರು. ಅನ್ನ ಆರಿ ಕಲ್ಲಾಯಿತು. ಆ ದಿನದಿಂದ ಈ ದಿನದವರೆಗೆ ನಾನು ಯಾವ ಹೆಂಗಸನ್ನೂ ಕಾಡಿನಲ್ಲಿ ಬಿಟ್ಟು ಎದ್ದವಳಲ್ಲ. ಈಗ ಒಬ್ಬಳನ್ನು ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟು ಏಳುವುದು ಹೇಗೆ? ಅದೂ ಗಂಗವ್ವನ ಮುಂದೆ?

ಗಂಗವ್ವನ ಮಾತು ಹೇಳಬೇಕು. ಅವಳು ಯಂಕಂಚಿಯವಳು, ಸಿಂದಗಿಗೆ ಬಂದು ಇಪ್ಪತ್ತು ವರ್ಷವಾಯಿತು. ಒಬ್ಬಳೇ ಮಗಳು ಸುವರ್ಣಾ, ಪಿಯುಸಿ ಪಾಸಾದವಳು; ಮೋರಟಗಿಗೆ ಕೊಟ್ಟಿತ್ತು. ನಾಲ್ಕು ವರ್ಷ ಸಂಸಾರ ಮಾಡಿ, ಆರು ತಿಂಗಳ ಹಿಂದೆ ಒಂದು ಚೀಲ ತೆಗೆದುಕೊಂಡು ತಾಯಿಯ ಮನೆಗೆ ಬಂದು ಕುಳಿತಳು. ಗಂಡ ಕುಡಿಯುವವನಲ್ಲ, ಹೊಡೆಯುವವನಲ್ಲ. ಹಾಗಾಗಿ ಯಾಕೆ ಬಂದಳೆಂದು ಯಾರಿಗೂ ತಿಳಿಯದು. ಕಳಿಸಲೋ, ಇಟ್ಟುಕೊಳ್ಳಲೋ ಎಂದು ಗಂಗವ್ವ ಆರು ತಿಂಗಳಿಂದ ತೂಗುಯ್ಯಾಲೆಯ ಮೇಲಿದ್ದಳು. ತಾಯಿ, ಮಗಳು ಇಬ್ಬರೂ ದಿನಾ ನಮ್ಮ ಪಡಸಾಲೆಗೆ ಬರುತ್ತಿದ್ದರು. ಈ ಕಾದಂಬರಿ ಶುರುವಾದ ದಿನದಿಂದ ಗಂಗವ್ವ ಕೇಳುತ್ತಿದ್ದುದು ಒಂದೇ: “ಹೋಗ್ತಾಳೇನ್ರಿ ಆಯಿ ತಿರುಗಿ? ಹೋಗ್ತಾಳ?”

ಶನಿವಾರ ಸಮಾಪ್ತಿ. ಪೋಥಿ ಮುಗಿದ ದಿನ ಸಿಹಿ ಮಾಡುವ ಪದ್ಧತಿಯನ್ನು ಕಾದಂಬರಿಗೂ ಹಚ್ಚಿಕೊಂಡಿದ್ದೆವು; ಶಿರಾ ಮಾಡಿಟ್ಟಿದ್ದೆ. ಶನಿವಾರ ಮುಂಜಾನೆಯ ಸಾಲೆಯಾದರೂ ಮೀಟಿಂಗ್ ಎಂದು ಶೈಲಾ ಇನ್ನೂ ಬಂದಿರಲಿಲ್ಲ. ಕೊನೆಯ ಸಾಲಿಗೆ ಬಂದೆ. ಎಲ್ಲರ ಸೂಜಿಗಳೂ ನಿಂತಿದ್ದವು. ಗಂಗವ್ವ ಬಾಯಿ ತೆರೆದು ನನ್ನ ಬಾಯಿ ನೋಡುತ್ತಿದ್ದಳು. ಪುಸ್ತಕ ಕೆಳಗಿಡಲು ಕೈ ಬರಲಿಲ್ಲ. ಬಾಯಿ ತಾನೇ ಮುಂದೆ ಹೋಯಿತು. ಬಸ್ಸಿನಿಂದ ಗಂಡನನ್ನು ಇಳಿಸಿದೆ. “ನಡಿ, ಮನೆಗೆ ಹೋಗೋಣ” ಎನ್ನಿಸಿದೆ. ಅದೇ ಬಸ್ಸಿಗೆ ಇಬ್ಬರನ್ನೂ ಹತ್ತಿಸಿದೆ. ಬಾಗಿಲಿನಲ್ಲಿ ಅತ್ತೆಯ ಕೈಯಲ್ಲಿ ಆರತಿ ತಾಟು ಕೊಟ್ಟೆ. ವೇಗ ತಡೆಯದೆ ಮರುವರ್ಷಕ್ಕೆ ಒಂದು ಗಂಡುಕೂಸನ್ನೂ ಹುಟ್ಟಿಸಿದೆ. ಇದನ್ನು ಕೇಳಿದವರಿಗೆ, ಓದಿದವರಿಗೆ ಇಂತಿಂಥ ಫಲ ಎಂದು ಹೇಳುವುದೊಂದು ಬಾಕಿ ಇತ್ತು, ಅಷ್ಟರಲ್ಲಿ ಉಸಿರು ಮುಗಿಯಿತು. ಗಂಗವ್ವ ಕಣ್ಣೊರಸಿಕೊಂಡು ಎರಡು ಸಲ ಶಿರಾ ಹಾಕಿಸಿಕೊಂಡಳು. ಸುವರ್ಣಾ ತನ್ನ ಪಾಲನ್ನು ಮುಟ್ಟಲಿಲ್ಲ; ಅದನ್ನು ಡಬ್ಬಿಗೆ ಹಾಕಿ ಕೊಟ್ಟು ಕಳಿಸಿದೆ.

ರವಿವಾರ ಮುಂಜಾನೆ ನಾನು ತುಳಸಿಗೆ ನೀರು ಹಾಕುತ್ತಿರುವಾಗ ಗಂಗವ್ವ ಬಂದಳು.

“ಗುರುವಾರ ಮೋರಟಗಿ ಹಿರ್ಯಾರು ಬರ್ತಾರ್ರಿ ಆಯಿ, ಹೇಳಿ ಕಳಿಸೇನಿ. ನೀವೂ ಬರಬೇಕು. ಪುಸ್ತಕದಾಕಿನ ಹೋದ್ಳು ಅಂದ ಮ್ಯಾಲ ಇನ್ನ ನಮ್ಮಾಕಿದೇನು? ಅಷ್ಟು ಕಲಿತವ್ರು ಬರದಾರ ಅಂದ್ರ ವಿಚಾರ ಮಾಡೇ ಬರದಿರತಾರ.”

ನನ್ನ ಕೈಯ ತಂಬಿಗೆಯ ನೀರು ತುಳಸಿಯನ್ನು ಬಿಟ್ಟು ನನ್ನ ಕಾಲಿಗೆ ಬಿತ್ತು. ಹೇಳಿಬಿಡಬೇಕಿತ್ತು, ಹೇಳಲಿಲ್ಲ. ಕಾದಂಬರಿ ಕೇಳಿ ಯಾರು ಮಗಳ ಸಂಸಾರದ ಮಾತು ತೀರ್ಮಾನಿಸುತ್ತಾರೆ, ಇವಳ ಮನಸ್ಸಿನಲ್ಲಿ ಮೊದಲೇ ಇದ್ದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ನಾವು ಪೋಥಿ ಓದುವುದು ಮತ್ತೆ ಯಾತಕ್ಕೆ? ಹೀಗೆ ನಡೆಯಿರಿ ಎಂದು ತಿಳಿಯಲಿ ಎಂತಲೇ ಅಲ್ಲವೇ? ಎರಡು ದಿನ ಈ ಎರಡು ಮಾತಿನ ನಡುವೆ ನಾನೂ ಅತ್ತಿಂದಿತ್ತ ಓಡಾಡಿದೆ. ಒಳ್ಳೆಯದೇ ಆಯಿತಲ್ಲ ಎನ್ನಿಸುತ್ತಿತ್ತು. ಮರುಗಳಿಗೆಗೆ, ಸುವರ್ಣಾಳ ಗಂಡನ ಮುಖ ಕೂಡ ನೀನು ಸರಿಯಾಗಿ ನೋಡಿಲ್ಲವಲ್ಲ ಎನ್ನಿಸುತ್ತಿತ್ತು.

ಮಂಗಳವಾರ ಸುವರ್ಣಾ ಶಿರಾದ ಡಬ್ಬಿ ತಿರುಗಿ ಕೊಡಲು ಒಬ್ಬಳೇ ಬಂದಳು. ಡಬ್ಬಿ ಕೊಟ್ಟು ಹೋಗಲಿಲ್ಲ, ಕಂಬಕ್ಕೆ ಆತು ನಿಂತಳು.

“ಶನಿವಾರ ನೀವು ಹಾಳಿ ತಿರುವಲೇ ಇಲ್ಲ ಆಯಿ.”

“ಏನು?”

“ಗಂಡ ಬಂದ, ಮನಿಗೆ ಕರಕೊಂಡು ಹೋದ, ಆರತಿ ಆತು, ಕೂಸು ಹುಟ್ಟಿತು. ಎಲ್ಲಾ ಒಂದ ಹಾಳ್ಯಾಗ! ಅಷ್ಟು ದೊಡ್ಡ ಹಾಳಿ ನಾ ಎಲ್ಲೂ ನೋಡಿಲ್ಲ.”

ಎಪ್ಪತ್ತು ದಾಟಿದ ಮೇಲೆ ಕಳವಿನಲ್ಲಿ ಸಿಕ್ಕುಬಿದ್ದರೆ ಓಡಲೂ ಆಗುವುದಿಲ್ಲ. “ಪೋಥಿ ದುಃಖದಾಗ ಮುಚ್ಚಬಾರದವ್ವಾ,” ಎಂದೆ.

“ಮುಚ್ಚಬ್ಯಾಡ್ರಿ. ಆದ್ರ ಆಕೀನ ಅದ ಬಸ್ಸಿಗೆ ಯಾಕ ಹತ್ತಿಸಿದ್ರಿ? ಇನ್ನೊಂದೂ ನಿಂತಿತ್ತಲ್ಲ.”

ಐವತ್ತು ವರ್ಷ ಓದಿದ ಯಾವ ಪೋಥಿಯಲ್ಲೂ ಇನ್ನೊಂದು ಬಸ್ಸು ಇರಲಿಲ್ಲ ಎಂಬುದು ಆಗಲೇ ನನ್ನ ಗಮನಕ್ಕೆ ಬಂದದ್ದು. ಮಾತು ತಿರುಗಿಸಲೆಂದು, ನಿನಗೆ ಅಲ್ಲಿ ಏನು ಕಡಿಮೆಯಾಗಿತ್ತು ಎಂದು ಕೇಳಿದೆ.

“ಏನೂ ಕಡಿಮಿಲ್ಲ. ಅದಕ್ಕ ಹೇಳಾಕ ಬರವಲ್ದು. ನಾಕು ವರ್ಷದಾಗ ‘ಅದೆಲ್ಲೈತಿ, ಇದೆಲ್ಲೈತಿ’ ಅನ್ನೂದು ಬಿಟ್ರ ನನ್ನ ಕೂಡ ಒಂದು ಮಾತಿಲ್ಲ. ಕಪಾಟ ಇದ್ದಂಗ ಇದ್ದೆ.”

“ನಿಮ್ಮವ್ವಗ ಹೇಳೀಯೇನು?”

“ಹೇಳೇನಿ. ‘ಇಷ್ಟಕ್ಕನಾ?’ ಅಂದ್ಲು.”

ಸುಳ್ಳು ಯಾಕೆ ಹೇಳಲಿ, ಆ ಮಾತೇ ನನ್ನ ನಾಲಿಗೆಯ ತುದಿಯಲ್ಲೂ ಇತ್ತು. ನಮ್ಮ ಮನೆಯವರು ನನ್ನ ಕೂಡ ಆಡಿದ್ದಕ್ಕಿಂತ ಎತ್ತುಗಳ ಕೂಡ ಹೆಚ್ಚು ಮಾತಾಡಿದವರು. ಅದನ್ನು ನಾನು ಯಾರಿಗೂ ದೂರಲಿಲ್ಲ. ದೂರುವಂಥದ್ದು ಎಂದೇ ತಿಳಿದಿರಲಿಲ್ಲ. ಮಾತಾಡದ ಗಂಡ ಬೈಯದ ಗಂಡ ಎಂದು ನಮ್ಮಲ್ಲಿ ಲೆಕ್ಕ. ಈ ಹುಡುಗಿಯದು ನ್ಯಾಯವೋ ಅತಿಯೋ ನನಗೆ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಆದರೆ ಅವಳು ಕೇಳಿದ್ದು ನ್ಯಾಯ ಹೇಳೆಂದಲ್ಲ.

“ನಾಳೆ ಅವ್ವನ ಮುಂದ, ಪುಸ್ತಕದಾಗ ಹೆಂಗೈತಿ ಹಂಗ ಓದ್ರಿ. ಅಷ್ಟ ಮಾಡ್ರಿ. ಹಿರ್ಯಾರ ಮುಂದ ಆಕಿ ಏನರ ಹೇಳ್ಲಿ, ಆದ್ರ ನಿಮ್ಮ ಹೆಸರಲೆ ಹೇಳೂದು ಬ್ಯಾಡ.”

ಬುಧವಾರ ಎಲ್ಲರೂ ಕೂತ ಮೇಲೆ, ಶನಿವಾರ ಓದಿದ ಕೊನೆ ನಾನು ಹುಟ್ಟಿಸಿದ್ದು, ಪುಸ್ತಕದಲ್ಲಿ ಇಲ್ಲ ಎಂದೆ. ಯಾವ ಪೀಠಿಕೆಯನ್ನೂ ಹಾಕಲಿಲ್ಲ. ಬಿಸಿ ಜೋಳದ ಭಕ್ರಿಯನ್ನು ಮುಟ್ಟಬೇಕೆಂದರೆ ಚಟ್ಟನೆ ಮುಟ್ಟಬೇಕು.

“ಗಂಡ ಬಂದಿದ್ದು?” ಎಂದಳು ಗಂಗವ್ವ.

“ಇಲ್ಲ.”

“ಆರತಿ?”

“ಇಲ್ಲ.”

“ಕೂಸು?”

“ಅದೂ ಇಲ್ಲ.”

“ಶಿರಾ ಒಂದು ಖರೇ ಇತ್ತು ನೋಡ,” ಎಂದು ಮೂಲೆಯಿಂದ ಒಬ್ಬಳು ಗೊಣಗಿದಳು.

ನಾನು ಕೊನೆಯ ಪುಟವನ್ನು ಇದ್ದ ಹಾಗೆಯೇ ಓದಿದೆ. ಎರಡೂ ಬಸ್ಸುಗಳ ಇಂಜಿನ್‌ಗಳು ಚಾಲೂ ಇವೆ. ಕಂಡಕ್ಟರುಗಳಿಬ್ಬರೂ ಕೂಗುತ್ತಿದ್ದಾರೆ. ಅವಳು ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಳ್ಳುತ್ತಾಳೆ. ಅಷ್ಟೆ. ಪುಸ್ತಕ ಮುಚ್ಚಿದೆ. ಬದುಕಿನಲ್ಲಿ ಮೊದಲ ಸಲ ಅಳುವ ಜಾಗದಲ್ಲಿ ಮುಚ್ಚಿದೆ. ಆ ಹೆಂಗಸು ಅಳುತ್ತಿದ್ದಳೋ ಇಲ್ಲವೋ, ಅದನ್ನೂ ಬರೆದವರು ಹೇಳಿಲ್ಲ.

ಗಂಗವ್ವ ಸೂಜಿಯನ್ನು ಕೌದಿಯಲ್ಲೇ ಚುಚ್ಚಿಟ್ಟು ಎದ್ದಳು. “ನೀವು ದೊಡ್ಡಾಕೀರಿ, ಏನೂ ಅನ್ನಬಾರದು. ನಿಮ್ಮ ಮಾತ ಹಿಡಕೊಂಡು ನಾ ಹಿರ್ಯಾರನ ಕರಸೇನಿ,” ಎಂದಳು. ಮಗಳ ಕಡೆಗೂ ನೋಡದೆ ರಸ್ತೆ ದಾಟಿ ಹೋದಳು. ಇಪ್ಪತ್ತು ವರ್ಷದ ನೆರೆಹೊರೆ ಒಂದು ಕಾದಂಬರಿಯ ಪಾಲಾಯಿತು ಎಂದುಕೊಂಡೆ.

ಆದರೂ ಗುರುವಾರ ಹೋದೆ, ಕರೆದದ್ದನ್ನು ಅವಳು ವಾಪಸು ತೆಗೆದುಕೊಂಡಿರಲಿಲ್ಲವಾದ್ದರಿಂದ. ಮೋರಟಗಿಯಿಂದ ಇಬ್ಬರು ಹಿರಿಯರು, ಅವರ ಜೊತೆ ಅಳಿಯ. ಒಳ್ಳೆಯ ಹುಡುಗನೇ, ಇಸ್ತ್ರಿಯ ಅಂಗಿ, ತಗ್ಗಿಸಿದ ತಲೆ. ಸುವರ್ಣಾ ಒಳಕೋಣೆಯಲ್ಲಿದ್ದಳು. ಚಹಾ ಆಯಿತು, ಕೃಷ್ಣೆಯ ನೀರಿನ ಮಾತಾಯಿತು, ತೊಗರಿಯ ಮಾತಾಯಿತು. ಆಮೇಲೆ ತಲೆಗೆ ದೊಡ್ಡ ರುಮಾಲು ಸುತ್ತಿದ ಹಿರಿಯರು ಕೇಳಿದರು:

“ಹುಡುಗಂದೇನು ತಪ್ಪೈತಿ ಹೇಳ್ರಿ. ನಿಮ್ಮ ಮುಂದನ ಬುದ್ಧಿ ಹೇಳ್ತೇವಿ.”

ತಪ್ಪು ಯಾವುದೂ ಇಲ್ಲದ್ದರಿಂದ ಗಂಗವ್ವ ಖಾಲಿ ಚಹಾ ಬಟ್ಟಲುಗಳನ್ನು ಒಂದೊಂದಾಗಿ ಕೂಡಿಸತೊಡಗಿದಳು. ಅಷ್ಟರಲ್ಲಿ ಅಳಿಯ ಕಿಸೆಯಿಂದ ಫೋನು ತೆಗೆದು ನೋಡಿ, ಒಳಕೋಣೆಯ ಕಡೆ ಮುಖ ಮಾಡಿ, ಆರು ತಿಂಗಳ ಮೇಲೆ ಹೆಂಡತಿಯ ಕೂಡ ಮೊದಲ ಮಾತಾಡಿದ: “ಚಾರ್ಜರ್ ಎಲ್ಲೈತಿ?”

ಸುವರ್ಣಾ ಹೊರಗೆ ಬಂದಳು, ಗೋಡೆಯ ಗೂಡಿನತ್ತ ಕೈ ತೋರಿಸಿದಳು, ಒಳಗೆ ಹೋದಳು. ಅವನು ಕೆಟ್ಟವನಲ್ಲ, ಅವನಿಗೆ ನಿಜವಾಗಿಯೂ ಚಾರ್ಜರ್ ಬೇಕಾಗಿತ್ತು. ಗಂಗವ್ವ ಆ ಕೈ ತೋರಿಸಿದ ಜಾಗವನ್ನೇ ಬಹಳ ಹೊತ್ತು ನೋಡಿದಳು. ಹಿರಿಯರು ಮತ್ತೆ ಗಂಟಲು ಸರಿಪಡಿಸಿಕೊಂಡಾಗ ಹೇಳಿದಳು:

“ಈಗ ಕಳಸೂದಿಲ್ರಿ.”

“ಯಾಕ ತಂಗಿ? ನೀನ ಕರಸೀಯಲ್ಲ.”

“ಕರಸೇನಿ. ತಪ್ಪಾತು. ಆಕಿ ಇನ್ನಾ ಎರಡು ಬಸ್ಸಿನ ನಡುವ ನಿಂತಾಳ್ರಿ. ಯಾವುದಕ್ಕ ಹತ್ತಾಳೋ ಆಕೀನ ಹತ್ಲಿ. ನಾವು ಹಿಂದಿಂದ ದೂಡೂದು ಬ್ಯಾಡ.”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಬಸ್ಸೆಲ್ಲಿದು?” ಎಂದರು ದೊಡ್ಡ ರುಮಾಲಿನವರು. “ನಾವು ಗಾಡಿ ತಂದೇವಲ್ಲ.” ಆಮೇಲೆ ಅರ್ಥ ಹೇಳಲೆಂದು ನನ್ನ ಕಡೆ ತಿರುಗಿದರು. ಪುರಾಣದ ಒಂದೊಂದು ಪದ್ಯಕ್ಕೆ ಮೂರು ಮೂರು ಅರ್ಥ ಹೇಳಿದ ಬಾಯಿ ಇದು. ಈ ಸಲ, ಹುಡುಗಿ ಹೇಳೂತನಕ ತಡೀರಿ ಎಂದಷ್ಟೇ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಗಲಿಬಿಲಿಗೊಂಡರು. ಗಾಡಿಯಲ್ಲಿ ಒಂದು ಜಾಗ ಖಾಲಿ ಇಟ್ಟುಕೊಂಡೇ ಹೋದರು.

ಮರುದಿನ ಮಧ್ಯಾಹ್ನ ಗಂಗವ್ವ ಬರುತ್ತಾಳೆಂದು ನಾನು ಎಣಿಸಿರಲಿಲ್ಲ. ಬಂದಳು, ಮಗಳನ್ನೂ ಕರೆತಂದಳು. ಕೌದಿಯಲ್ಲಿ ಚುಚ್ಚಿಟ್ಟಿದ್ದ ಸೂಜಿಗೆ ದಾರ ಪೋಣಿಸಿಕೊಡೆಂದು ಅವಳ ಕೈಗೆ ಕೊಟ್ಟಳು. ಆಮೇಲೆ, ನಿನ್ನೆ ಮೊನ್ನೆ ಏನೂ ಆಗಿಯೇ ಇಲ್ಲವೆಂಬಂತೆ, “ಓದ್ರಿ ಆಯಿ,” ಎಂದಳು.

“ಏನ ಓದಲಿ ಗಂಗವ್ವ? ಹೊಸಾದು ಇನ್ನೂ ಬಂದಿಲ್ಲ. ಅದು ಮುಗದದ, ಮುಂದ ಏನೂ ಇಲ್ಲ.”

“ಮುಂದಿಂದು ಬ್ಯಾಡ್ರಿ. ಅದನ್ನ ಮೊದಲಿಂದ ಇನ್ನೊಮ್ಮೆ ಓದ್ರಿ,” ಎಂದಳು, ಮಗಳ ಕೈಯಲ್ಲಿದ್ದ ಸೂಜಿಯನ್ನೇ ನೋಡುತ್ತ. “ಹೋಗ್ತಾಳೋ ಇಲ್ಲೋ ಅನ್ನೂದರಾಗ ನನ್ನ ಧ್ಯಾನ ಇತ್ತು. ಯಾಕ ಬಿಟ್ಟು ಹೊಂಟ್ಳು ಅನ್ನೂದು ನಾ ಕೇಳೇ ಇಲ್ಲ.”

ನಾನು ಕನ್ನಡಕ ಏರಿಸಿ ಪುಸ್ತಕ ತೆರೆದೆ. ಆ ಕಾರಣ ಎಷ್ಟನೆಯ ಪುಟದಲ್ಲಿದೆ ಎಂದು ನನಗೂ ನೆನಪಿರಲಿಲ್ಲ.